ಮೊದಲು ಈಜು, ಆಮೇಲೆ ಗ್ಲಾಸು: ಭೀಮೆ, ಕೃಷ್ಣೆ, ಖಣಿ, ಬಾವಿಗಳ ಸೀಮೆಯವರಿಗೆ ಒಂದು ಮಾರ್ಗದರ್ಶಿ

ಹೋಳಿಯ ಬಣ್ಣದಾಟ ಮುಗಿಯುವುದು ಮಧ್ಯಾಹ್ನಕ್ಕೆ. ಕಲಬುರಗಿ ಸೀಮೆಯಲ್ಲಿ ಆ ಹೊತ್ತಿಗೆ ಬಿಸಿಲು ನೆತ್ತಿ ಸುಡುತ್ತಿರುತ್ತದೆ. ಮೈಮೇಲೆ ತಿಕ್ಕಿದರೂ ಹೋಗದ ಬಣ್ಣ, ಹೊಟ್ಟೆಯಲ್ಲಿ ಬೆಳಿಗ್ಗೆಯಿಂದ ಇಳಿದ ಬಿಯರ್. ಮನೆಯ ನಲ್ಲಿಯಲ್ಲಿ ನೀರು ಬರುವ ದಿನವೂ ಅದಲ್ಲ. ಯಾರೋ ಒಬ್ಬ ‘ಖಣಿಗೆ ಹೋಗೋಣ’ ಎನ್ನುತ್ತಾನೆ (ಖಣಿ ಎಂದರೆ ಕಲ್ಲು ತೆಗೆದು ನೀರು ತುಂಬಿದ ಗುಂಡಿ), ನಾಲ್ಕೈದು ಬೈಕುಗಳು ಹೊರಡುತ್ತವೆ. ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರುವ ಸುದ್ದಿ ನಮಗೆಲ್ಲ ಗೊತ್ತಿರುವಂಥದ್ದೇ. ಹೋಳಿಯ ಜಾಗದಲ್ಲಿ ಗಣೇಶ ವಿಸರ್ಜನೆ, ಡಿಸೆಂಬರ್ 31ರ ರಾತ್ರಿ, ಮೇ ತಿಂಗಳ ಮದುವೆಯ ಮಾರನೆಯ ದಿನ, ಎಳ್ಳಮಾವಾಸ್ಯೆಯಂದು ಹೊಲದಲ್ಲಿ ನೈವೇದ್ಯದ ಚರಗ ಚೆಲ್ಲಿ ಊಟವಾದ ಮೇಲಿನ ಮಧ್ಯಾಹ್ನ, ಯಾವುದನ್ನು ಬೇಕಾದರೂ ಇಡಬಹುದು.

ಕುಡಿಯಬೇಡಿ ಎಂದು ಉಪದೇಶ ಮಾಡುವವರಿಗೆ ನಮ್ಮಲ್ಲಿ ಬರವಿಲ್ಲ. ಈ ಲೇಖನ ಕುಡಿಯುವವರಿಗೆ ಮತ್ತು ಅವರ ಜೊತೆ ಹೋಗುವವರಿಗೆ. ಇದರಲ್ಲಿ ಹೇಳಬೇಕಾದ ಮುಖ್ಯ ಮಾತು ಒಂದೇ: ನೀರಿಗೆ ಇಳಿಯಬೇಕೋ ಬೇಡವೋ ಎಂಬ ತೀರ್ಮಾನವನ್ನು ಗ್ಲಾಸು ಹಿಡಿದು ದಂಡೆಯ ಮೇಲೆ ಕುಳಿತಾಗ ಮಾಡಬಾರದು. ಬಾಟಲಿಯ ಮುಚ್ಚಳ ತೆಗೆಯುವ ಮೊದಲೇ ಮಾಡಿ ಮುಗಿಸಬೇಕು. ಕೈಕಾಲು ತಡವರಿಸುವುದಕ್ಕೆ ಬಹಳ ಮೊದಲೇ ಅಪಾಯವನ್ನು ಅಳೆಯುವ ಬುದ್ಧಿ ಮಂಕಾಗಿರುತ್ತದೆ. ‘ನನಗೇನೂ ಆಗಿಲ್ಲ, ನೆಟ್ಟಗೇ ನಡೆಯುತ್ತಿದ್ದೇನೆ’ ಎನ್ನುವವನು ಸುಳ್ಳು ಹೇಳುತ್ತಿರುವುದಿಲ್ಲ. ಅವನಿಗೆ ನಿಜವಾಗಿಯೂ ಹಾಗೆಯೇ ಅನ್ನಿಸುತ್ತಿರುತ್ತದೆ, ತೊಂದರೆ ಇರುವುದೇ ಅಲ್ಲಿ.

ಈಜು ಬರುವವರಿಗೆ ಮೊದಲ ಮಾತು

‘ಅವನಿಗೆ ಚೆನ್ನಾಗಿ ಈಜು ಬರುತ್ತಿತ್ತು’ ಎಂಬ ಮಾತನ್ನು ದಂಡೆಯ ಮೇಲೆ ಹೆಣದ ಪಕ್ಕದಲ್ಲಿ ನಿಂತವರು ಹೇಳುತ್ತಾರೆ. ಈಜು ಬಾರದವನು ಸಾಮಾನ್ಯವಾಗಿ ಮೊಣಕಾಲುದ್ದದ ನೀರಿನಲ್ಲೇ ನಿಲ್ಲುತ್ತಾನೆ. ಆಚೆ ದಡ ಮುಟ್ಟಿ ಬರುತ್ತೇನೆಂದು ಪಂದ್ಯ ಕಟ್ಟುವವನು ಈಜುಗಾರ.

ನಮ್ಮ ದೇಹ ಮೇಲು ಕೆಳಗು ತಿಳಿಯುವುದು ಕಣ್ಣಿನಿಂದ ಮತ್ತು ಒಳಕಿವಿಯ ಸಮತೋಲನದ ಅಂಗದಿಂದ. ಮದ್ಯ ಒಳಕಿವಿಯ ಲೆಕ್ಕವನ್ನು ಕೆಡಿಸುತ್ತದೆ. ಮಲಗಿದರೆ ಮಂಚ ತಿರುಗಿದಂತಾಗುವುದು ಇದರಿಂದಲೇ. ಮಳೆಗಾಲದ ಭೀಮೆಯ ಕೆಂಪು ನೀರಿನಲ್ಲಿ ಮುಳುಗಿದರೆ ಕಣ್ಣಿಗೆ ಒಂದು ಗೇಣೂ ಕಾಣಿಸುವುದಿಲ್ಲ. ಕಣ್ಣೂ ಇಲ್ಲ, ಕಿವಿಯೂ ಇಲ್ಲ ಎಂದ ಮೇಲೆ ಮೇಲೆ ಬರುತ್ತಿದ್ದೇನೆಂದುಕೊಂಡು ಕೆಳಕ್ಕೇ ಈಜುವ ಸಾಧ್ಯತೆ ಇರುತ್ತದೆ. ಇನ್ನೊಂದು, ತಣ್ಣೀರಿನ ಹೊಡೆತ. ಹೊರಗೆ 43 ಡಿಗ್ರಿ ಬಿಸಿಲಿದ್ದರೂ ಆಳದ ಬಾವಿ ಮತ್ತು ಖಣಿಯಲ್ಲಿ ಮೇಲಿನ ಪದರ ದಾಟಿದರೆ ನೀರು ಕೊರೆಯುತ್ತದೆ. ಮದ್ಯದಿಂದ ಚರ್ಮದ ರಕ್ತನಾಳಗಳು ಹಿಗ್ಗಿ ಮೈ ಬೆಚ್ಚಗಿರುವಾಗ ಧುಮುಕಿದರೆ ಬಾಯಿ ತಾನಾಗಿ ತೆರೆದು ಉಸಿರು ಒಳಗೆ ಸೆಳೆಯುತ್ತದೆ. ಆ ಕ್ಷಣದಲ್ಲಿ ತಲೆ ನೀರಿನೊಳಗಿದ್ದರೆ ಶ್ವಾಸನಾಳಕ್ಕೆ ಹೋಗುವುದು ನೀರೇ.

ಯಾದಗಿರಿ ಜಿಲ್ಲೆಯ ನೀಲಕಂಠರಾಯನಗಡ್ಡಿಯವರನ್ನು ನೆನೆಯಬೇಕು. ಕೃಷ್ಣೆಯ ನಡುಗಡ್ಡೆಯ ಆ ಊರಿನಿಂದ 2014ರಲ್ಲಿ ತುಂಬು ಗರ್ಭಿಣಿಯೊಬ್ಬರು ತುಂಬಿದ ನದಿಯನ್ನು ಈಜಿ ದಾಟಿದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಹುಟ್ಟಿದಾಗಿನಿಂದ ಹೊಳೆಯ ಜೊತೆ ಬೆಳೆದವರು, ಆದರೂ ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಮನೆಯವರನ್ನು ಪಕ್ಕದಲ್ಲಿಟ್ಟುಕೊಂಡೇ ನೀರಿಗೆ ಇಳಿದರು. ಮೂರು ಪೆಗ್ ಹಾಕಿದ ನಗರದ ಹುಡುಗನಿಗೆ ಟ್ಯೂಬ್ ಕಟ್ಟಿಕೊಳ್ಳುವುದು ಅವಮಾನ ಅನ್ನಿಸುತ್ತದೆ.

ಹೆಜ್ಜೆ 1: ಗಡಿಯಾರದ ಲೆಕ್ಕ ಹಾಕಿ

ಈಜುವುದಿದ್ದರೆ ಮೊದಲು ಈಜಿ. ಮೈ ಒರೆಸಿಕೊಂಡು, ಬಟ್ಟೆ ಹಾಕಿಕೊಂಡು, ನೀರಿನಿಂದ ದೂರ ಬಂದ ಮೇಲೆ ಬಾಟಲಿ ತೆಗೆಯಿರಿ. ಆಮೇಲೆ ಆ ದಿನ ನೀರಿನ ಬಾಬತ್ತು ಮುಗಿಯಿತು. ‘ಇನ್ನೊಂದು ಸಲ ಮುಳುಗು ಹಾಕಿ ಬರುತ್ತೇನೆ’ ಎಂಬುದಕ್ಕೆ ಅವಕಾಶವಿಲ್ಲ.

ಎಷ್ಟು ಹೊತ್ತಿಗೆ ಇಳಿಯುತ್ತದೆ? ಯಕೃತ್ತು ಗಂಟೆಗೆ ಸುಮಾರು 7ರಿಂದ 10 ಗ್ರಾಂ ಶುದ್ಧ ಮದ್ಯಸಾರವನ್ನು ಮಾತ್ರ ಕರಗಿಸುತ್ತದೆ. ನಮ್ಮಲ್ಲಿ ಸಿಗುವ ವಿಸ್ಕಿ, ರಮ್‌ಗಳಲ್ಲಿ ಮದ್ಯಸಾರ ಶೇ 42.8. 180 ಮಿ.ಲೀ.ನ ಒಂದು ಕ್ವಾರ್ಟರ್‌ನಲ್ಲಿ ಸುಮಾರು 60 ಗ್ರಾಂ ಇರುತ್ತದೆ. ಅಂದರೆ ಅದು ಪೂರ್ತಿ ಇಳಿಯಲು ಆರರಿಂದ ಒಂಬತ್ತು ಗಂಟೆ ಬೇಕು. ಶೇ 8ರ ಸ್ಟ್ರಾಂಗ್ ಬಿಯರ್‌ನ 650 ಮಿ.ಲೀ. ಬಾಟಲಿಯಲ್ಲಿ ಸುಮಾರು 40 ಗ್ರಾಂ. ‘ಬಿಯರ್ ತಾನೆ’ ಎನ್ನುವವರು ಈ ಲೆಕ್ಕ ನೋಡಬೇಕು, ಅಂಥ ಎರಡು ಬಾಟಲಿ ಒಂದು ಕ್ವಾರ್ಟರ್‌ಗಿಂತ ಹೆಚ್ಚು. ನಿಂಬೆ ಶರಬತ್ತು, ಮಜ್ಜಿಗೆ, ಕಡಕ್ ಚಹಾ, ತಲೆಗೆ ತಣ್ಣೀರು, ಯಾವುದೂ ಈ ವೇಗವನ್ನು ಹೆಚ್ಚಿಸುವುದಿಲ್ಲ. ರಾತ್ರಿ ಹನ್ನೆರಡರವರೆಗೆ ಕುಡಿದವನು ಬೆಳಿಗ್ಗೆ ಆರಕ್ಕೆ ಗಾಣಗಾಪುರದ ಸಂಗಮದಲ್ಲಿ ಮುಳುಗು ಹಾಕಲು ನಿಂತರೆ, ಅವನ ರಕ್ತದಲ್ಲಿ ಇನ್ನೂ ಮದ್ಯ ಇದ್ದಿರಬಹುದು. ದೇವರ ಸ್ನಾನವೇ ಆಗಲಿ, ಅವನು ದಂಡೆಯ ಮೇಲೆ ಕುಳಿತು ತಂಬಿಗೆಯಲ್ಲಿ ನೀರು ಹಾಕಿಕೊಳ್ಳಲಿ.

ಸೇಂದಿಗೆ ಈ ಗಡಿಯಾರವೂ ಇಲ್ಲ. ತೆಲಂಗಾಣದ ಗಡಿಯ ಊರುಗಳಲ್ಲಿ ಕಳ್ಳತನದಲ್ಲಿ ಮಾರುವ ಸೇಂದಿಯಲ್ಲಿ ಸಿ.ಎಚ್. ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್ ಬೆರೆಸಿದ್ದು ಎಷ್ಟೋ ದಾಳಿಗಳಲ್ಲಿ ಸಿಕ್ಕಿದೆ. ಅದು ನಿದ್ದೆ ಬರಿಸುವ ರಾಸಾಯನಿಕ. ಎಷ್ಟು ಬೆರೆಸಿದ್ದಾರೆಂದು ಮಾರುವವನಿಗೂ ಗೊತ್ತಿರುವುದಿಲ್ಲ. ಅದನ್ನು ಕುಡಿದವನು ಕಾಲುವೆಯ ಏರಿ ಮೇಲೆ ಕುಳಿತಲ್ಲೇ ಒರಗಬಹುದು. ಸೇಂದಿ ಕುಡಿದವನನ್ನು ನೀರಿನ ಹತ್ತಿರಕ್ಕೇ ಕರೆದೊಯ್ಯಬೇಡಿ.

ಹೆಜ್ಜೆ 2: ಒಬ್ಬ ಕುಡಿಯದೆ ಇರಲಿ

ಕಡಿಮೆ ಕುಡಿದವನು ಸಾಲದು, ಪೂರ್ತಿ ಕುಡಿಯದವನೇ ಬೇಕು. ಹೊರಡುವಾಗಲೇ ಹೆಸರು ಹೇಳಿ ನಿಶ್ಚಯಿಸಿ. ಅವನ ಬಿರಿಯಾನಿಯ ಹಣ ಉಳಿದವರು ಕೊಡಲಿ, ಅಷ್ಟು ಕೆಲಸ ಅವನಿಗಿದೆ. ಬೈಕುಗಳ ಕೀಲಿ ಅವನ ಜೇಬಿನಲ್ಲಿ. ಚಾರ್ಜ್ ಇರುವ ಮೊಬೈಲ್ ಅವನ ಕೈಯಲ್ಲಿ. ತಲೆ ಎಣಿಸುವುದು ಅವನ ಪಾಲಿನದು: ಬಂದವರು ಏಳು ಮಂದಿ ಎಂದರೆ ಆಗಾಗ ಏಳು ಇದ್ದಾರೆಯೇ ಎಂದು ನೋಡುತ್ತಿರಬೇಕು. ಒಬ್ಬ ಕಾಣೆಯಾಗಿದ್ದನ್ನು ಹತ್ತು ನಿಮಿಷ ಯಾರೂ ಗಮನಿಸದೆ, ಆಮೇಲೆ ಚಪ್ಪಲಿ ಮಾತ್ರ ದಂಡೆಯಲ್ಲಿ ಕಂಡ ಸಂದರ್ಭಗಳು ಉಂಟು.

ಇರುವ ಜಾಗವನ್ನು ಹೇಳಲು ಬರಬೇಕು ಎಂಬುದು ಇನ್ನೊಂದು. ‘ಶಹಾಬಾದ್ ಹತ್ತಿರ ಖಣಿ’ ಎಂದರೆ ಆಂಬುಲೆನ್ಸ್ ಚಾಲಕನಿಗೆ ಏನೂ ಹೇಳಿದಂತಾಗಲಿಲ್ಲ, ಅಲ್ಲಿರುವ ಖಣಿಗಳಿಗೆ ಲೆಕ್ಕವಿಲ್ಲ. ಹತ್ತಿರದ ಹಳ್ಳಿಯ ಹೆಸರು, ಯಾವ ರಸ್ತೆ, ಎಲ್ಲಿ ತಿರುಗಬೇಕು, ಗುರುತಿಗೆ ಗುಡಿಯೋ ದಾಬಾವೋ ಇದ್ದರೆ ಅದು, ಇಷ್ಟನ್ನು ಹೋಗುವಾಗಲೇ ನೋಡಿಟ್ಟುಕೊಳ್ಳಿ. ಖಣಿಯೊಳಗೆ ಮೊಬೈಲ್ ಸಿಗ್ನಲ್ ಸಿಗದೆ ಹೋಗಬಹುದು. ಎಲ್ಲಿ ಸಿಗುತ್ತದೆ ಎಂಬುದೂ ತಿಳಿದಿರಲಿ.

ಜೊತೆಗೆ ಒಯ್ಯಲು ಮೂರು ವಸ್ತು: ಹದಿನೈದು ಇಪ್ಪತ್ತು ಮೀಟರ್ ಗಟ್ಟಿ ಹಗ್ಗ, ಗಾಳಿ ತುಂಬಿದ ಟ್ಯೂಬ್ ಅಥವಾ ಮುಚ್ಚಳವಿರುವ ಐದು ಲೀಟರ್ ಎಣ್ಣೆಯ ಖಾಲಿ ಕ್ಯಾನ್, ಒಂದು ಟಾರ್ಚ್.

ಹೆಜ್ಜೆ 3: ಜಾಗವನ್ನು ನೋಡಿ ತಿಳಿಯಿರಿ

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಸುತ್ತಿನ ಫರಸಿ ಕಲ್ಲಿನ ಖಣಿಗಳು ನೋಡಲು ಈಜುಕೊಳದಂತೆಯೇ ಇವೆ, ಹಸಿರು ತಿಳಿನೀರು, ಚೌಕಾಕಾರದ ಗೋಡೆ. ಅಪಾಯವೂ ಆ ಗೋಡೆಯಲ್ಲೇ ಇದೆ. ಕಲ್ಲನ್ನು ಪದರ ಪದರವಾಗಿ ಎಬ್ಬಿಸಿದ್ದರಿಂದ ಅಂಚು ನೆಟ್ಟಗೆ ಕಡಿದಂತಿರುತ್ತದೆ, ಹಿಡಿದು ಹತ್ತಲು ಆಸರೆ ಇರುವುದಿಲ್ಲ. ನೀರಿನೊಳಗೆ ಕಣ್ಣಿಗೆ ಕಾಣದ ಮೆಟ್ಟಿಲುಗಳಿರುತ್ತವೆ: ಒಂದು ಕಡೆ ಸೊಂಟದುದ್ದ, ಪಕ್ಕದಲ್ಲೇ ಎರಡಾಳು. ಮೇಲಿನಿಂದ ತಲೆ ಮುಂದಾಗಿ ಧುಮುಕಿದವನಿಗೆ ಅಡಿಯಲ್ಲಿ ಸಿಗುವುದು ಚಪ್ಪಡಿ. ಕುತ್ತಿಗೆ ಮುರಿದರೆ ಜೀವ ಉಳಿದರೂ ಕೈಕಾಲಿನ ಸ್ವಾಧೀನ ಹೋಗಬಹುದು. ಬೀದರ್ ಕಡೆಯ ಕೆಂಪುಕಲ್ಲಿನ ಗುಂಡಿಗಳಿಗೂ ಮಳೆಗಾಲದ ನಂತರ ಇದೇ ಮಾತು. ಕುಡಿದವರು ಖಣಿಯ ಅಂಚಿನಿಂದ ಹತ್ತು ಮಾರು ದೂರ ಕುಳಿತುಕೊಳ್ಳಲಿ. ಫೋಟೊ ತೆಗೆಯುವುದೂ ಅಲ್ಲಿಂದಲೇ.

ಕೃಷಿ ಹೊಂಡವನ್ನು ಜನ ಅಪಾಯವೆಂದೇ ಎಣಿಸುವುದಿಲ್ಲ. ಮೂರು ಮೀಟರ್ ಆಳ, ಬಾವಿಯ ಮುಂದೆ ಅದೆಷ್ಟು ಎನ್ನುತ್ತಾರೆ. ಒಮ್ಮೆ ಬದಿಯಲ್ಲಿ ನಿಂತು ಸರಿಯಾಗಿ ನೋಡಿ. ತಳದಿಂದ ಮೇಲಿನವರೆಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ನೀರಿನ ಮಟ್ಟದಲ್ಲಿ ಬೆರಳಿಗೆ ಲೋಳೆಯಾಗಿ ಹತ್ತುವ ಪಾಚಿ. ಇಳಿಜಾರಿನಲ್ಲಿ ಅಂಗಾಲು ಊರಿದರೆ ಜಾರುತ್ತದೆ, ಹಿಡಿಯಲು ಹುಲ್ಲಿನ ಗರಿಯೂ ಇಲ್ಲ. ಕುಡಿಯದ, ಈಜು ಬಲ್ಲ ಗಟ್ಟಿ ಆಳೂ ಅಲ್ಲಿಂದ ಏರಲಾರದೆ ದಣಿಯುತ್ತಾನೆ. ಚರಗದ ದಿನ ಕೈ ತೊಳೆಯಲು ಹೋದವನು ಜಾರುವುದು ಹೀಗೆ. ಹೊಲದ ಮಾಲೀಕರು ಅರ್ಧ ದಿನದಲ್ಲಿ ಮಾಡಬಹುದಾದ ಕೆಲಸ: ನಾಲ್ಕೂ ಬದಿಯಲ್ಲಿ ಗೂಟ ನೆಟ್ಟು, ಅಡಿಗೊಂದು ಗಂಟು ಹಾಕಿದ ಹಗ್ಗವನ್ನು ತಳ ಮುಟ್ಟುವಂತೆ ಇಳಿಬಿಡುವುದು, ಸಾಧ್ಯವಾದರೆ ಹಳೆಯ ಟೈರುಗಳನ್ನು ಕಟ್ಟುವುದು. ಬೇಲಿ ಹಾಕಿದರೆ ಮಕ್ಕಳಿಗೂ ದನಗಳಿಗೂ ಒಳ್ಳೆಯದು.

ನಾರಾಯಣಪುರ ಎಡದಂಡೆ ಕಾಲುವೆಯಂಥ ಸಿಮೆಂಟ್ ಕಾಲುವೆಗಳಲ್ಲಿ ಈ ಜಾರಿಕೆಯ ಜೊತೆ ಸೆಳೆತವೂ ಸೇರುತ್ತದೆ. ನೀರು ಸದ್ದಿಲ್ಲದೆ ನಯವಾಗಿ ಹರಿಯುವುದರಿಂದ ಅದರ ವೇಗ ತಿಳಿಯುವುದಿಲ್ಲ. ಒಂದು ಕಡ್ಡಿ ಎಸೆದು ಅದರ ಜೊತೆ ನಡೆದು ನೋಡಿ. ಓಡಬೇಕಾಗಿ ಬಂದರೆ ಆ ನೀರಿನಲ್ಲಿ ನೀವು ಏನೂ ಮಾಡಲಾರಿರಿ.

ಭೀಮೆಯಲ್ಲಿ ಬೇಸಿಗೆಯೇ ಮೋಸದ ಕಾಲ. ಪಾತ್ರದಲ್ಲಿ ಮೊಣಕಾಲುದ್ದದ ನೀರು ನೋಡಿ ನಡೆದು ಹೋಗುತ್ತಾರೆ. ಮರಳು ಎತ್ತಿದ ಗುಂಡಿಗಳು ನೀರು ತುಂಬಿಕೊಂಡು ಸಮತಟ್ಟಾಗಿ ಕಾಣುತ್ತವೆ. ಒಂದು ಹೆಜ್ಜೆ ಮೊಣಕಾಲಿಗೆ, ಮುಂದಿನದು ತಲೆಯ ಮೇಲೆ. ಸೊನ್ನ, ಘತ್ತರಗಿ, ಗುರುಸಣಗಿಯ ಬ್ಯಾರೇಜುಗಳ ಗೇಟಿನ ಕೆಳಗೆ ನೀರು ತನ್ನ ಮೇಲೆ ತಾನೇ ಮಗುಚಿ ಸುತ್ತುತ್ತಿರುತ್ತದೆ. ಅದರೊಳಗೆ ಸಿಕ್ಕಿದ್ದನ್ನು ಹೊರಗೆ ಬಿಡುವುದಿಲ್ಲ. ಮಳೆಗಾಲದಲ್ಲಿ ಇಲ್ಲಿ ಮೋಡವಿಲ್ಲದಿದ್ದರೂ ಮಹಾರಾಷ್ಟ್ರದ ಉಜನಿಯಿಂದ ಬಿಟ್ಟ ನೀರು ಭೀಮೆಯನ್ನು ಏರಿಸುತ್ತದೆ, ಆಲಮಟ್ಟಿ ಮತ್ತು ನಾರಾಯಣಪುರದ ಗೇಟು ಕೃಷ್ಣೆಯನ್ನು. 2020ರ ಅಕ್ಟೋಬರ್‌ನಲ್ಲಿ ಭೀಮೆ ಎಲ್ಲಿಯವರೆಗೆ ಬಂದಿತ್ತೆಂದು ಅಫಜಲಪುರ, ಜೇವರ್ಗಿಯ ದಂಡೆಯವರು ಇವತ್ತಿಗೂ ತೋರಿಸುತ್ತಾರೆ. ಹೊಳೆಯ ನಡುವಿನ ಬಂಡೆಯ ಮೇಲೆ ಕುಳಿತು ಕುಡಿಯುವ ಶೋಕಿ ಜೂನ್‌ನಿಂದ ನವೆಂಬರ್‌ವರೆಗೆ ಬೇಡವೇ ಬೇಡ. ಕೃಷ್ಣೆಯಲ್ಲಿ ಮೊಸಳೆಗಳೂ ಇವೆ.

ಕಾರಂಜಾ, ಬೆಣ್ಣೆತೊರಾ, ಅಮರ್ಜಾ, ಚಂದ್ರಂಪಳ್ಳಿ, ಹತ್ತಿಕುಣಿಯಂಥ ಜಲಾಶಯಗಳ ಹಿನ್ನೀರಿನಲ್ಲಿ ಎಚ್ಚರಿಕೆ ಬೇಕಿರುವುದು ಕೆಸರಿಗೆ. ಎರೆಮಣ್ಣು ಮೇಲೆ ಒಣಗಿ ಬಿರಿದಿರುತ್ತದೆ, ಕೆಳಗೆ ಹಸಿಯಾಗಿರುತ್ತದೆ. ಕಾಲು ಹೂತರೆ ಜಗ್ಗಾಡಬೇಡಿ. ಹಿಂದಕ್ಕೆ ಒರಗಿ, ಭಾರ ಹರಡಿ, ನಿಧಾನವಾಗಿ ಒಂದೊಂದೇ ಕಾಲು ಬಿಡಿಸಿಕೊಳ್ಳಿ.

ಹೆಜ್ಜೆ 4: ಈಜದವರೂ ಬೀಳುವ ಹೊತ್ತು

ನೀರಿಗೆ ಇಳಿಯುವ ಇರಾದೆಯೇ ಇಲ್ಲದವರು ಸಾಯುವುದು ಸಣ್ಣ ಕೆಲಸಗಳಲ್ಲಿ. ಮದ್ಯ ಮೂತ್ರ ಹೆಚ್ಚಿಸುತ್ತದೆ, ಗಂಡಸು ಕತ್ತಲಲ್ಲಿ ಎದ್ದು ನೀರಿನ ಕಡೆಗೇ ಹೋಗುತ್ತಾನೆ. ಕಾಲುವೆ, ಬಾವಿ, ಕೆರೆಗೆ ಬೆನ್ನು ಮಾಡಿ ಹೊಲದ ಕಡೆ ಹೋಗುವುದನ್ನು ರೂಢಿಸಿಕೊಳ್ಳಿ, ಟಾರ್ಚ್ ಹಿಡಿದು, ಇನ್ನೊಬ್ಬನನ್ನು ಕರೆದುಕೊಂಡು. ತಟ್ಟೆ ತೊಳೆಯಲು, ಮುಖಕ್ಕೆ ನೀರು ಹಾಕಿಕೊಳ್ಳಲು ದಂಡೆಗೆ ಬಗ್ಗಬೇಡಿ, ಮನೆಯಿಂದಲೇ ಒಂದು ಕೊಡ ನೀರು ತನ್ನಿ. ತೇಲಿಹೋದ ಚಪ್ಪಲಿಗೆ ಕೈ ಚಾಚಬೇಡಿ. ವಾಂತಿ ಬಂದವನನ್ನು ನೀರಿನ ಅಂಚಿಗೆ ಕರೆದೊಯ್ಯುವುದು ನಮ್ಮಲ್ಲಿ ಒಂದು ಕೆಟ್ಟ ರೂಢಿ.

ನಮ್ಮ ಹೊಲಗಳಲ್ಲಿ ಕಟ್ಟೆಯಿಲ್ಲದ ತೆರೆದ ಬಾವಿಗಳಿಗೆ ಕೊರತೆಯಿಲ್ಲ. ಹಗಲಿನಲ್ಲಿ ಪರಿಚಿತ ಹೊಲ ಅನ್ನಿಸಿದ್ದು ರಾತ್ರಿ ಕುಡಿದವನಿಗೆ ಬೇರೆಯೇ ಹೊಲ. ಏರಿಯ ಮೇಲೆ ಕುಡಿದವನಿಗೆ ಬೈಕು ಕೊಡಬೇಡಿ, ನಡೆದು ಹೋಗುವವನನ್ನೂ ಒಂಟಿಯಾಗಿ ಕಳಿಸಬೇಡಿ. ಬಹಳ ಕುಡಿದು ಮಲಗಿದವನನ್ನು ಎಡಮಗ್ಗುಲಿಗೆ ತಿರುಗಿಸಿ, ನೀರಿನಿಂದ ದೂರಕ್ಕೆ ಸರಿಸಿ, ಪಕ್ಕದಲ್ಲಿ ಒಬ್ಬರು ಇರಿ. ಪ್ರಜ್ಞೆ ಇಲ್ಲದವನಿಗೆ ಮುಖ ಮುಳುಗುವಷ್ಟು ನೀರಿದ್ದರೆ ಸಾಕು.

ಗಣೇಶ ವಿಸರ್ಜನೆಗೆ ಕುಡಿಯದ, ಈಜು ಬಲ್ಲ ಇಬ್ಬರು ಮಾತ್ರ ಮೂರ್ತಿ ಹಿಡಿದು ಇಳಿಯಲಿ ಎಂದು ಮಂಡಳಿಯವರು ಮೊದಲೇ ಗೊತ್ತುಪಡಿಸಬೇಕು. ನಗರಗಳಲ್ಲಿ ಕ್ರೇನ್ ಇದ್ದರೆ ಅದಕ್ಕೆ ಒಪ್ಪಿಸಿ.

ಹೆಜ್ಜೆ 5: ನೀವೇ ಬಿದ್ದರೆ

ಮೊದಲ ಅರ್ಧ ನಿಮಿಷ ಈಜಲು ಹೋಗಬೇಡಿ. ಮಲಗಿದಂತೆ ಬೆನ್ನ ಮೇಲೆ ತೇಲಿ, ಬಾಯಿ ಮೂಗು ಮೇಲಿರಲಿ, ಉಸಿರು ಹತೋಟಿಗೆ ಬರಲಿ. ಆಮೇಲೆ ಕೂಗಿ. ಹರಿಯುವ ನೀರಿನಲ್ಲಿ ಕಾಲು ಮುಂದೆ, ತಲೆ ಹಿಂದೆ ಇಟ್ಟು ಹರಿವಿನ ಜೊತೆ ಹೋಗುತ್ತಾ ಓರೆಯಾಗಿ ದಡದ ಕಡೆ ಸರಿಯಿರಿ. ಹರಿವಿಗೆ ಎದುರಾಗಿ ಈಜಿದರೆ ದಣಿವು ಮಾತ್ರ ಗಿಟ್ಟುತ್ತದೆ. ಕಾಲುವೆಯಲ್ಲಿ ಮೆಟ್ಟಿಲು, ಸೇತುವೆಯ ಕಂಬ, ಕೊಂಬೆ ಕಂಡರೆ ಹಿಡಿಯಿರಿ. ಕೃಷಿ ಹೊಂಡದಲ್ಲಿ ಪ್ಲಾಸ್ಟಿಕ್ ಹತ್ತಲು ಒದ್ದಾಡಬೇಡಿ, ತೇಲುತ್ತಾ ಕೂಗುವುದೇ ಮೇಲು. ಬಾವಿಯಲ್ಲಿ ಪೈಪು ಹಿಡಿಯಬಹುದು, ಮೋಟಾರಿನ ವೈರ್ ಮುಟ್ಟಬಾರದು.

ಹೆಜ್ಜೆ 6: ಇನ್ನೊಬ್ಬ ಬಿದ್ದರೆ

ಮುಳುಗುವವನು ಸಿನಿಮಾದಲ್ಲಿಯಂತೆ ಕೈ ಬೀಸಿ ಕಾಪಾಡಿ ಎನ್ನುವುದು ಅಪರೂಪ. ಬಾಯಿ ನೀರಿನ ಮಟ್ಟದಲ್ಲಿ ಮುಳುಗೇಳುತ್ತಿರುತ್ತದೆ, ತಲೆ ಹಿಂದಕ್ಕೆ ವಾಲಿರುತ್ತದೆ, ಕೈಗಳು ಪಕ್ಕದಲ್ಲಿ ನೀರನ್ನು ಒತ್ತುತ್ತಿರುತ್ತವೆ, ಸದ್ದಿಲ್ಲ. ತಮಾಷೆ ಮಾಡುತ್ತಿದ್ದಾನೆಂದು ದಂಡೆಯವರು ನಗುತ್ತಿರುವಾಗಲೇ, ಒಂದು ನಿಮಿಷದೊಳಗೆ, ಮುಗಿದಿರುತ್ತದೆ.

ಹಾರಬೇಡಿ. ಒಬ್ಬನನ್ನು ಎತ್ತಲು ಹೋದ ಇನ್ನೊಬ್ಬ, ಅವನನ್ನು ಎತ್ತಲು ಮತ್ತೊಬ್ಬ, ಹೀಗೆ ಒಂದೇ ಮನೆಯ ಮೂವರು ಹೋದ ಸುದ್ದಿ ಓದಿಲ್ಲದವರಿಲ್ಲ. ಕುಡಿದವನಂತೂ ಹಾರಲೇಬಾರದು, ಕುಡಿಯದವನು ಉಳಿದವರನ್ನು ಹಿಡಿದು ನಿಲ್ಲಿಸಬೇಕು. ಹೊಟ್ಟೆಯ ಮೇಲೆ ನೆಲಕ್ಕೆ ಮಲಗಿ ಕೋಲು, ಧೋತರ, ಸೀರೆ, ಗಂಟು ಹಾಕಿದ ಎರಡು ಪ್ಯಾಂಟು, ಸಿಕ್ಕಿದ್ದನ್ನು ಚಾಚಿ. ದೂರವಿದ್ದರೆ ಟ್ಯೂಬ್ ಅಥವಾ ಎಣ್ಣೆಯ ಕ್ಯಾನ್ ಎಸೆಯಿರಿ. ಕ್ಯಾನ್‌ನಲ್ಲಿ ಒಂದು ಲೋಟದಷ್ಟು ನೀರು ಹಾಕಿ ಮುಚ್ಚಳ ಬಿಗಿದರೆ ಗಾಳಿಗೆ ಹಾರದೆ ಗುರಿ ಮುಟ್ಟುತ್ತದೆ. ಹಗ್ಗ ಎಸೆಯುವಾಗ ಅವನ ತಲೆಯಾಚೆಗೆ ಬೀಳುವಂತೆ ಎಸೆದು ಎಳೆಯಿರಿ.

ಇಷ್ಟರಲ್ಲಿ ಇನ್ನೊಬ್ಬ 112ಕ್ಕೆ ಕರೆ ಮಾಡುತ್ತಿರಬೇಕು. ಅಗ್ನಿಶಾಮಕ ಮತ್ತು ತುರ್ತು ಸೇವೆಯ 101, ಆಂಬುಲೆನ್ಸಿನ 108 ಕೂಡ ಇವೆ. ‘ಪೊಲೀಸರು ಬಂದರೆ ಕುಡಿದದ್ದು ಮನೆಗೆ ಗೊತ್ತಾಗುತ್ತದೆ’ ಎಂದು ಹುಡುಗರು ಕರೆ ಮಾಡದೆ ಚದುರುತ್ತಾರೆ. ಬೈಗುಳ ಹೇಗಿದ್ದರೂ ಬೀಳುವುದೇ, ಕರೆ ಮಾಡಿಯೇ ತಿನ್ನಿ. ಅವನು ಮುಳುಗಿದ ಜಾಗದ ನೇರಕ್ಕೆ ದಂಡೆಯ ಮೇಲೆ ಕಲ್ಲಿಟ್ಟು ಗುರುತು ಮಾಡಿ, ಹುಡುಕುವವರಿಗೆ ಬೇಕಾಗುತ್ತದೆ.

ಹೆಜ್ಜೆ 7: ಮೇಲೆ ತಂದ ಮೇಲೆ

ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆಕೆಳಗಾಗಿ ಹಿಡಿದು ತಿರುಗಿಸುವುದು ಬೇಡ. ಅದರಿಂದ ವಾಂತಿ ಶ್ವಾಸಕೋಶಕ್ಕೆ ಹೋಗಬಹುದು, ಕುಡಿದವನಲ್ಲಿ ಈ ಭಯ ಇನ್ನೂ ಹೆಚ್ಚು. ಶವವನ್ನು ಉಪ್ಪಿನ ರಾಶಿಯಲ್ಲಿ ಹೂತರೆ ಜೀವ ಬರುತ್ತದೆ ಎಂಬ ಮೊಬೈಲ್ ಸಂದೇಶವನ್ನು ನಂಬಿ ಬಳ್ಳಾರಿ, ಹಾವೇರಿ ಕಡೆ ಮಕ್ಕಳನ್ನು ಗಂಟೆಗಟ್ಟಲೆ ಉಪ್ಪಿನಲ್ಲಿಟ್ಟು ಕಾದ ತಂದೆತಾಯಿಯರಿದ್ದಾರೆ. ಆ ಸಂದೇಶ ನಿಮ್ಮ ಗುಂಪಿನಲ್ಲಿ ಬಂದರೆ ಅಳಿಸಿ, ಮುಂದೆ ಕಳಿಸಬೇಡಿ.

ಉಸಿರಿದೆಯೇ ನೋಡಿ, ಹತ್ತು ಸೆಕೆಂಡಿಗಿಂತ ಹೆಚ್ಚು ಕಳೆಯಬೇಡಿ. ಇದ್ದರೆ ಎಡಮಗ್ಗುಲಿಗೆ ಮಲಗಿಸಿ, ಒದ್ದೆ ಬಟ್ಟೆ ತೆಗೆದು ಹೊದಿಸಿ. ಇಲ್ಲದಿದ್ದರೆ ಅಂಗಾತ ಮಲಗಿಸಿ, ಗದ್ದ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಎದೆ ಏರುವಂತೆ ಐದು ಸಲ ಉಸಿರು ತುಂಬಿ. ನೀರಿನಲ್ಲಿ ನಿಂತಿದ್ದು ಉಸಿರಾದ್ದರಿಂದ ಮೊದಲು ಕೊಡಬೇಕಾದ್ದೂ ಅದೇ. ನಂತರ ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು, ಮೊಣಕೈ ಮಡಿಸದೆ, ಐದು ಸೆಂಟಿಮೀಟರ್ ಆಳಕ್ಕೆ 30 ಸಲ ಒತ್ತಿ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ. ಮತ್ತೆ ಎರಡು ಉಸಿರು, ಮತ್ತೆ 30. ಸುಸ್ತಾದರೆ ಆಳು ಬದಲಾಗಿ, ಒತ್ತುವುದು ನಿಲ್ಲದಿರಲಿ. ಮಿದುಳು ಆಮ್ಲಜನಕವಿಲ್ಲದೆ ತಡೆಯುವುದು ನಾಲ್ಕಾರು ನಿಮಿಷ, ಆಂಬುಲೆನ್ಸ್ ಚಿಂಚೋಳಿಯ ಕಾಡಂಚಿಗೆ ಬರಲು ಅದಕ್ಕಿಂತ ಬಹಳ ಹೊತ್ತು ಬೇಕು. ತಲೆ ಮುಂದಾಗಿ ಧುಮುಕಿದವನಾದರೆ ಕುತ್ತಿಗೆ ತಿರುಚದಂತೆ ಹಿಡಿದು, ಹಲಗೆಯ ಮೇಲೆ ಸಾಗಿಸಿ.

ಕೆಮ್ಮಿ ಎದ್ದು ಕುಳಿತು ‘ನಾನು ಚೆನ್ನಾಗಿದ್ದೇನೆ’ ಎಂದರೂ ಆಸ್ಪತ್ರೆಗೆ ಒಯ್ಯಿರಿ. ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ದೂರವಾದರೆ ತಾಲ್ಲೂಕು ಆಸ್ಪತ್ರೆಗಾದರೂ ಸರಿ. ಶ್ವಾಸಕೋಶಕ್ಕೆ ನೀರು ಹೋಗಿದ್ದರೆ ಉಸಿರಾಟ ಕೆಲವು ಗಂಟೆಗಳ ನಂತರವೂ ಕೆಡಬಹುದು. ಮದ್ಯದ ಮಂಪರಿನಲ್ಲಿ ಅದು ನಿದ್ದೆಯಂತೆಯೇ ಕಾಣುತ್ತದೆ. ವೈದ್ಯರಿಗೆ ಏನು ಕುಡಿದ, ಎಷ್ಟು ಹೊತ್ತಿಗೆ ಕುಡಿದ, ಎಷ್ಟು ನಿಮಿಷ ನೀರಿನಲ್ಲಿದ್ದ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿ. ಸೇಂದಿಯಾಗಿದ್ದರೆ ಸೇಂದಿ ಎಂದೇ ಹೇಳಿ, ಸಿ.ಎಚ್. ಪೌಡರಿನ ಅನುಮಾನವಿದ್ದರೆ ಅದನ್ನೂ. ಮಂಪರು ನೀರಿನಿಂದ ಬಂದದ್ದೋ ಪೌಡರಿನಿಂದ ಬಂದದ್ದೋ ಎಂಬುದರ ಮೇಲೆ ಅವರ ಮುಂದಿನ ಚಿಕಿತ್ಸೆ ನಿಂತಿರುತ್ತದೆ.